ಮುತ್ತುಲಕ್ಷ್ಮಿ ರೆಡ್ಡಿ: ಒಂದು ಕ್ಯಾನ್ಸರ್ ಆಸ್ಪತ್ರೆಗಾಗಿ 31 ವರ್ಷ ಹಠ ಹಿಡಿದ ಶಾಸಕಿ

ಕೊಳ್ಳೇಗಾಲ ತಾಲ್ಲೂಕಿನ ಧನಗೆರೆ ಈಗ ಚಾಮರಾಜನಗರ ಜಿಲ್ಲೆಯ ಊರು. ಆದರೆ 1956ರ ಅಕ್ಟೋಬರ್ 31ರವರೆಗೂ ಈ ಊರಿನ ಜಿಲ್ಲಾ ಕೇಂದ್ರ ಕೊಯಮತ್ತೂರು, ರಾಜಧಾನಿ ಮದ್ರಾಸು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿ ಮೈಸೂರು ಸಂಸ್ಥಾನದೊಳಗಿತ್ತು. ಕೊಳ್ಳೇಗಾಲ ಮಾತ್ರ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷರ ಪಾಲಾಗಿ, ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿಹೋಯಿತು. ಮಾತು ಕನ್ನಡ, ದೇವರು ಮಾದಪ್ಪ, ಸರ್ಕಾರ ಮಾತ್ರ ಮದ್ರಾಸಿನದು. ಏಕೀಕರಣದ ದಿನ, 1956ರ ನವೆಂಬರ್ 1ರಂದು, ಈ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು.

ಹಾಗಾಗಿ 1927ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಮೊದಲ ಬಾರಿ ಒಬ್ಬ ಹೆಣ್ಣುಮಗಳು ಕಾಲಿಟ್ಟಾಗ, ಆಕೆ ಧನಗೆರೆಯ ಹೆಂಗಸರಿಗೂ ಶಾಸಕಿಯೇ. ಅವರ ಹೆಸರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ದೇವದಾಸಿ ಪದ್ಧತಿಯ ವಿರುದ್ಧ ಮಸೂದೆ ತಂದವರು ಅಂತ ಪಠ್ಯಪುಸ್ತಕ ಅವರನ್ನು ಒಂದು ಸಾಲಲ್ಲಿ ಮುಗಿಸಿಬಿಡುತ್ತದೆ. ಅವರ ಬದುಕಿನ ಇನ್ನೊಂದು ಅರ್ಧ ಕ್ಯಾನ್ಸರ್‌ಗೆ ಸಂಬಂಧಿಸಿದ್ದು. ಅದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ.

ಆದರೆ ಆ ಅರ್ಧವೇ ಇವತ್ತು ನಮಗೆ ಹೆಚ್ಚು ಬೇಕಾಗಿರೋದು. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನದ್ದು. ಎದೆಯಲ್ಲಿ ಗಂಟು ಕಂಡು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಗೊತ್ತಾದ ಹೆಣ್ಣಿನ ಮುಂದೆ ಕೆಲವೇ ವಾರಗಳಲ್ಲಿ ಸಾಲುಸಾಲು ಪ್ರಶ್ನೆ ಬಂದು ನಿಲ್ಲುತ್ತವೆ. ಪೂರ್ತಿ ಸ್ತನ ತೆಗೆಸಬೇಕಾ, ಗಂಟು ಮಾತ್ರ ತೆಗೆದರೆ ಸಾಕಾ? ಕಿಮೋ ಮೊದಲಾ, ಆಪರೇಷನ್ ಮೊದಲಾ? ರೇಡಿಯೇಷನ್‌ಗೆ ದಿನಾ ಯಾರು ಕರ್ಕೊಂಡು ಹೋಗ್ತಾರೆ? ಇವೆಲ್ಲ ಡಾಕ್ಟರು ಉತ್ತರಿಸೋ ಪ್ರಶ್ನೆಗಳು ಅಂತ ನಾವು ಅಂದುಕೊಂಡಿದ್ದೇವೆ. ಇವು ರಾಜಕೀಯದ ಪ್ರಶ್ನೆಗಳೂ ಹೌದು. ಉತ್ತರ ಆರಿಸಿಕೊಳ್ಳುವ ಅವಕಾಶ ಒಬ್ಬಳಿಗೆ ಇರಬೇಕಾದರೆ ಮೊದಲು ಆಸ್ಪತ್ರೆ ಇರಬೇಕು, ದುಡ್ಡಿನ ದಾರಿ ಇರಬೇಕು, ಅವಳ ಮಾತಿಗೆ ಬೆಲೆ ಇರಬೇಕು. ಈ ಮೂರನ್ನೂ ಸರ್ಕಾರದಿಂದ ಮತ್ತು ಸಮಾಜದಿಂದ ಕಿತ್ತುಕೊಳ್ಳಲು ಹೊರಟವರು ಮುತ್ತುಲಕ್ಷ್ಮಿ.

ಪರದೆಯ ಹಿಂದಿನ ವಿದ್ಯಾರ್ಥಿನಿ

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ಪುದುಕ್ಕೋಟೈ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಪರಂಪರೆಯ ಕುಟುಂಬದವರು. ಈ ಸಂಬಂಧಕ್ಕಾಗಿ ತಂದೆಯ ಕಡೆಯ ನೆಂಟರು ಅವರನ್ನು ದೂರ ಇಟ್ಟರು. ಅಪ್ಪನ ಜಾತಿಯವರು ಒಪ್ಪದ, ಅಮ್ಮನ ಜಾತಿಯನ್ನು ಊರು ಗೌರವಿಸದ ಮನೆಯಲ್ಲಿ ಹುಡುಗಿ ಬೆಳೆದಳು. ಹೆಣ್ಣಿನ ದೇಹದ ಮೇಲೆ ಊರಿಗೆಲ್ಲ ಹಕ್ಕಿದ್ದು, ಅವಳಿಗೆ ಮಾತ್ರ ಇಲ್ಲದಿದ್ದರೆ ಏನಾಗುತ್ತೆ ಅನ್ನೋದು ಆಕೆಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು.

ಮೈನೆರೆದ ಮೇಲೆ ಸ್ಕೂಲು ಬಿಡಿಸುವುದು ಅಂದಿನ ರೂಢಿ. ತಂದೆ ಮನೆಯಲ್ಲೇ ಪಾಠ ಹೇಳಿದರು. ಮೆಟ್ರಿಕ್ ಪಾಸಾದ ಮಗಳಿಗೆ ಗಂಡುಹುಡುಗರ ಕಾಲೇಜಿನಲ್ಲಿ ಸೀಟು ಕೇಳಿದಾಗ ಊರಲ್ಲಿ ಗದ್ದಲ ಎದ್ದಿತು. ಹುಡುಗರು ಕೆಟ್ಟುಹೋಗ್ತಾರೆ ಅನ್ನೋದು ತಕರಾರು. ಕೊನೆಗೆ ಪುದುಕ್ಕೋಟೈ ರಾಜರೇ ಮಧ್ಯೆ ಬಂದು ಅನುಮತಿ ಕೊಟ್ಟರು. ಪರದೆ ಇಳಿಬಿಟ್ಟ ಗಾಡಿಯಲ್ಲಿ ಕಾಲೇಜಿಗೆ ಹೋಗಿ, ತರಗತಿಯಲ್ಲೂ ಹುಡುಗರ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕೂತು ಆಕೆ ಓದಿದರು.

1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು. 1912ರಲ್ಲಿ ಪದಕಗಳೊಂದಿಗೆ ಪದವಿ. ಎಗ್ಮೋರಿನ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಮೊದಲ ಮಹಿಳಾ ಹೌಸ್ ಸರ್ಜನ್. ಉಳ್ಳವರ ಮನೆಯ ಕೂಸಿಗೆ ಹಾಲೂಡಿಸಲು ಬಡ ಹೆಂಗಸರನ್ನು ಕೂಲಿಗೆ ಇಟ್ಟುಕೊಳ್ಳುವ ಪದ್ಧತಿಯನ್ನು ಆಕೆ ವಿರೋಧಿಸಿದ್ದು ವೈದ್ಯೆಯಾಗಿದ್ದ ಈ ದಿನಗಳಲ್ಲೇ. ಆ ಕೂಲಿತಾಯಿಯ ಸ್ವಂತ ಮಗು ಮನೆಯಲ್ಲಿ ಹಸಿದಿರುತ್ತಿತ್ತು. ಕಾಯಿಲೆ ಬರೋದು ದೇಹಕ್ಕಾದರೂ ಅದರ ಕಾರಣ ಎಷ್ಟೋ ಸಲ ಸಮಾಜದಲ್ಲಿರುತ್ತೆ ಅನ್ನೋ ಪಾಠ ಆಕೆಗೆ ಆಸ್ಪತ್ರೆಯಲ್ಲೇ ಸಿಕ್ಕಿತ್ತು.

ಮದುವೆ ಬೇಡ ಅಂತಲೇ ಇದ್ದವರು 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾದರು. ಅದಕ್ಕೆ ಮುಂಚೆ ಒಂದು ಷರತ್ತು ಹಾಕಿದ್ದರು. ತನ್ನನ್ನು ಸಮಾನಳಾಗಿ ಕಾಣಬೇಕು, ತನ್ನ ಇಚ್ಛೆಗೆ ಅಡ್ಡ ಬರಬಾರದು. ಸುಂದರ ರೆಡ್ಡಿ ಒಪ್ಪಿದರು, ಮಾತಿಗೆ ತಕ್ಕಂತೆ ನಡೆದುಕೊಂಡರು. ಮುಂದೆ ಹೆಂಡತಿ ಓದಲು ಇಂಗ್ಲೆಂಡಿಗೆ ಹೊರಟಾಗ ಮಕ್ಕಳ ಸಮೇತ ಜೊತೆಗೆ ಹೋದರು. ತನ್ನ ಬದುಕಿನ ತೀರ್ಮಾನ ತನ್ನದೇ ಅನ್ನೋದನ್ನು ನೂರು ವರ್ಷದ ಹಿಂದೆ ಮದುವೆಯ ಷರತ್ತು ಮಾಡಿಕೊಂಡ ಹೆಣ್ಣು ಈಕೆ.

1923: ತಂಗಿಯ ಸಾವು

1923ರಲ್ಲಿ ಮುತ್ತುಲಕ್ಷ್ಮಿಯವರ ತಂಗಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದು ಸ್ತನದ ಕ್ಯಾನ್ಸರ್ ಆಗಿರಲಿಲ್ಲ. ಮೊದಲು ಬೇರೇನೋ ಕಾಯಿಲೆ ಅಂದುಕೊಂಡು ಔಷಧಿ ನಡೆಯಿತು. ಕ್ಯಾನ್ಸರ್ ಅಂತ ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಅಕ್ಕ ಪ್ರೆಸಿಡೆನ್ಸಿಯ ಹೆಸರಾಂತ ವೈದ್ಯೆ, ಭಾವ ವೈದ್ಯ, ಮನೆ ಇದ್ದದ್ದು ರಾಜಧಾನಿಯಲ್ಲಿ. ಆದರೂ ಆ ಹೆಣ್ಣುಮಗಳಿಗೆ ಆರಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ಡಾಕ್ಟರ ಮನೆಯಲ್ಲೇ ಹೀಗಾದರೆ, ಘಟ್ಟ ಹತ್ತಿಳಿದು ಕೊಯಮತ್ತೂರಿಗೆ ಹೋಗಬೇಕಾಗಿದ್ದ ಕೊಳ್ಳೇಗಾಲದ ಕಡೆಯ ಹೆಂಗಸಿನ ಗತಿ ಏನಿದ್ದಿರಬಹುದು, ಊಹಿಸಿ.

ಎರಡು ವರ್ಷದ ನಂತರ, 1925ರಲ್ಲಿ, ಸರ್ಕಾರದ ವಿದ್ಯಾರ್ಥಿವೇತನ ಪಡೆದು ಆಕೆ ಲಂಡನ್‌ಗೆ ಹೋದರು. ಹೆಂಗಸರ ಮತ್ತು ಮಕ್ಕಳ ಕಾಯಿಲೆಗಳ ಉನ್ನತ ಅಭ್ಯಾಸ ಉದ್ದೇಶ. ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯನ್ನೂ ಕಂಡರು. ಬೇಗ ಗುರುತಿಸಿದರೆ, ಸರಿಯಾದ ಚಿಕಿತ್ಸೆ ಸಿಕ್ಕರೆ ಕ್ಯಾನ್ಸರ್ ಬಂದವರೂ ಬದುಕಬಹುದು ಅನ್ನೋದು ಮನದಟ್ಟಾಯಿತು. ಮದ್ರಾಸಿನಲ್ಲಿ ಇಂಥದ್ದೊಂದು ಆಸ್ಪತ್ರೆ ಆಗಲೇಬೇಕು ಅನ್ನೋ ಹಠ ಹುಟ್ಟಿದ್ದು ಅಲ್ಲಿ.

ಆಕೆ ಲಂಡನ್ನಿನಲ್ಲಿದ್ದ ಕಾಲದಲ್ಲೇ ಸ್ತನ ಕ್ಯಾನ್ಸರ್‌ನ ಚಿಕಿತ್ಸೆಯಲ್ಲಿ ದೊಡ್ಡ ತಕರಾರು ಶುರುವಾಗಿತ್ತು. ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ 1890ರ ದಶಕದಲ್ಲಿ ರೂಢಿಗೆ ತಂದ ಆಪರೇಷನ್ ಆಗ ಎಲ್ಲೆಡೆ ನಡೆಯುತ್ತಿತ್ತು. ಪೂರ್ತಿ ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಕೆತ್ತಿ ತೆಗೆಯುವ ಕ್ರಮ ಅದು. ಬದುಕುಳಿದವರಿಗೆ ಎದೆಗೂಡಿನ ಮೂಳೆ ಎದ್ದು ಕಾಣುತ್ತಿತ್ತು, ತೋಳು ಊದಿಕೊಂಡು ಮೇಲೆತ್ತಲು ಕಷ್ಟವಾಗುತ್ತಿತ್ತು. ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಕಾಲ ಬದುಕುತ್ತಾರೆ ಅನ್ನೋದು ನಂಬಿಕೆ. ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ಸರ್ಜನ್ ಜೆಫ್ರಿ ಕೇನ್ಸ್ ಈ ನಂಬಿಕೆಯನ್ನು ಪ್ರಶ್ನಿಸಿದರು. ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ತಮ್ಮ ಇವರು. ಸ್ತನ ಉಳಿಸಿಕೊಂಡೇ, ರೇಡಿಯಂ ಸೂಜಿಗಳನ್ನಿಟ್ಟು ಚಿಕಿತ್ಸೆ ಕೊಡುವ ಪ್ರಯತ್ನವನ್ನು ಅವರು 1920ರ ದಶಕದಲ್ಲಿ ನಡೆಸಿದರು. ಅದೇ ಊರಿನಲ್ಲಿ ಜಾನೆಟ್ ಲೇನ್ ಕ್ಲೇಪನ್ ಅನ್ನುವ ವೈದ್ಯೆ 1926ರಲ್ಲಿ ಸ್ತನ ಕ್ಯಾನ್ಸರ್ ಇದ್ದ 500 ಮತ್ತು ಇಲ್ಲದ 500 ಹೆಂಗಸರ ಬದುಕನ್ನು ಹೋಲಿಸಿ ವರದಿ ಬರೆದರು. ಈ ಬಗೆಯ ಅಧ್ಯಯನಗಳಿಗೆ ಅದು ಅಡಿಪಾಯ.

ಸರ್ಜನ್ನರ ಬಹುಮತ ಇವರ ಮಾತು ಕೇಳಲಿಲ್ಲ. ಮುಂದಿನ ಐವತ್ತು ವರ್ಷ ಹಾಲ್‌ಸ್ಟೆಡ್ ದಾರಿಯೇ ನಡೆಯಿತು. ಎಷ್ಟೋ ಹೆಂಗಸರು ಬಯಾಪ್ಸಿಗೆಂದು ಅರಿವಳಿಕೆ ತೆಗೆದುಕೊಂಡು ಮಲಗಿ, ಎದ್ದಾಗ ಸ್ತನ ಇರುತ್ತಿರಲಿಲ್ಲ. ಮಲಗಿದ್ದಾಗಲೇ ಪರೀಕ್ಷೆ, ಮಲಗಿದ್ದಾಗಲೇ ತೀರ್ಮಾನ. ಅಮೆರಿಕದ ಪತ್ರಕರ್ತೆ ರೋಸ್ ಕುಶ್ನರ್ 1974ರಲ್ಲಿ ತನಗೇ ಕ್ಯಾನ್ಸರ್ ಬಂದಾಗ ಇದನ್ನು ಒಪ್ಪದೆ ಜಗಳ ತೆಗೆದರು. ಪರೀಕ್ಷೆ ಬೇರೆ, ಆಪರೇಷನ್ ಬೇರೆ, ನಡುವೆ ಹೆಣ್ಣಿಗೆ ಯೋಚಿಸಲು ಸಮಯ ಕೊಡಿ ಅನ್ನೋದು ಆಕೆಯ ವಾದ. 1979ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಅದನ್ನು ಎತ್ತಿಹಿಡಿಯಿತು.

ಪರಿಷತ್ತಿನಲ್ಲಿ ಒಂಟಿ ಹೆಣ್ಣು

ಇಂಗ್ಲೆಂಡಿನಿಂದ ಮರಳಿದ ಮುತ್ತುಲಕ್ಷ್ಮಿಯವರ ಹೆಸರನ್ನು ಮಹಿಳಾ ಭಾರತ ಸಂಘ ವಿಧಾನ ಪರಿಷತ್ತಿನ ನಾಮಕರಣಕ್ಕೆ ಸೂಚಿಸಿತು. ವೈದ್ಯವೃತ್ತಿಗೆ ಪೆಟ್ಟು ಬೀಳುತ್ತೆ ಅಂತ ಹಿಂಜರಿದರೂ ಕೊನೆಗೆ ಒಪ್ಪಿಕೊಂಡರು. ಸದಸ್ಯರು ಆಕೆಯನ್ನು ಸರ್ವಾನುಮತದಿಂದ ಉಪಾಧ್ಯಕ್ಷೆಯಾಗಿ ಆರಿಸಿದರು. ಬಾಲ್ಯವಿವಾಹ, ಹೆಣ್ಣುಮಕ್ಕಳ ಶಾಲೆ, ಆಸ್ಪತ್ರೆಗಳಲ್ಲಿ ಹೆಂಗಸರಿಗೆ ಜಾಗ, ಎಲ್ಲದರ ಬಗ್ಗೆ ಒಬ್ಬರೇ ಸದನದಲ್ಲಿ ಎದ್ದು ನಿಂತರು.

ದೇವದಾಸಿ ಪದ್ಧತಿಯ ವಿರುದ್ಧದ ಹೋರಾಟದಲ್ಲಿ ಆಕೆಗೆ ಎದುರಾದವರು ಸಂಪ್ರದಾಯವಾದಿ ಗಂಡಸರಷ್ಟೇ ಅಲ್ಲ. ದೇವದಾಸಿಯರೇ ಸಂಘ ಕಟ್ಟಿ ಸರ್ಕಾರಕ್ಕೆ ಮನವಿ ಕೊಟ್ಟರು. ಅವರ ಮುಂದಾಳುಗಳಲ್ಲಿ ಬೆಂಗಳೂರು ನಾಗರತ್ನಮ್ಮ ಒಬ್ಬರು. ಹುಟ್ಟಿದ್ದು ನಮ್ಮ ನಂಜನಗೂಡಿನಲ್ಲಿ, ಮೆರೆದದ್ದು ಮದ್ರಾಸಿನ ಸಂಗೀತಲೋಕದಲ್ಲಿ. ನಮಗೆ ಆಸ್ತಿ ಹಕ್ಕಿದೆ, ವಿದ್ಯೆ ಇದೆ, ಕಲೆ ಇದೆ, ನಮ್ಮನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿ ಕಳಂಕ ಹಚ್ಚಬೇಡಿ ಅನ್ನೋದು ಅವರ ವಾದದ ತಿರುಳು. ನಮ್ಮ ಬಗ್ಗೆ ಕಾನೂನು ಮಾಡುವಾಗ ನಮ್ಮನ್ನು ಕೇಳಿದಿರಾ ಅನ್ನುವ ಪ್ರಶ್ನೆ ಅದರಲ್ಲಿತ್ತು.

ಮುತ್ತುಲಕ್ಷ್ಮಿ ಹಿಂದೆ ಸರಿಯಲಿಲ್ಲ. ತಾಯಿಯ ಮನೆಯಲ್ಲಿ ಕಂಡದ್ದು, ಆಸ್ಪತ್ರೆಗೆ ರೋಗ ಹೊತ್ತು ಬರುತ್ತಿದ್ದ ಹುಡುಗಿಯರಲ್ಲಿ ಕಂಡದ್ದು ಆಕೆಗೆ ಸಾಕಿತ್ತು. ಚಿಕ್ಕ ಹುಡುಗಿಯನ್ನು ದೇವರಿಗೆ ಬಿಡುವಾಗ ಅವಳನ್ನೂ ಯಾರೂ ಕೇಳೋದಿಲ್ಲ ಅನ್ನೋದು ಆಕೆಯ ಕಡೆಯ ಸತ್ಯ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕಾನೂನು ಬಂದ ಮೇಲೆ ಎಷ್ಟೋ ಕಲಾವಿದೆಯರು ಮಾನವನ್ನೂ ಜೀವನೋಪಾಯವನ್ನೂ ಒಟ್ಟಿಗೆ ಕಳೆದುಕೊಂಡರು, ಅವರ ಕಲೆ ಮೇಲ್ಜಾತಿಯವರ ವೇದಿಕೆಗೆ ಹೋಯಿತು ಅನ್ನೋದನ್ನು ಈಗಿನ ಚರಿತ್ರೆಕಾರರು ವಿವರವಾಗಿ ಬರೆದಿದ್ದಾರೆ. ಹೆಣ್ಣಿನ ಒಳಿತಿಗೆಂದು ಹೊರಟವರೂ ಅವಳ ಪರವಾಗಿ ತಾವೇ ತೀರ್ಮಾನ ಮಾಡಿಬಿಡುವ ಅಪಾಯ ಇದ್ದೇ ಇರುತ್ತೆ. ಮುತ್ತುಲಕ್ಷ್ಮಿಯವರನ್ನು ಮೆಚ್ಚುವವರು ಈ ಭಾಗವನ್ನು ಹಾರಿಸಿ ಓದಬಾರದು.

1930ರಲ್ಲಿ ಗಾಂಧೀಜಿಯ ಬಂಧನವಾದಾಗ ಆಕೆ ಪರಿಷತ್ತಿಗೆ ರಾಜೀನಾಮೆ ಕೊಟ್ಟರು. ಆಶ್ರಯ ಕೇಳಿ ಬಂದ ದೇವದಾಸಿ ಮನೆತನದ ಹುಡುಗಿಯರನ್ನು ಊರಿನ ಹಾಸ್ಟೆಲುಗಳು ಸೇರಿಸಿಕೊಳ್ಳದಿದ್ದಾಗ ಮೊದಲು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವ್ವೈ ಹೋಮ್ ಹುಟ್ಟಿದ್ದು ಹೀಗೆ. ದೇವದಾಸಿ ನಿಷೇಧದ ಕಾನೂನು ಮದ್ರಾಸಿನಲ್ಲಿ ಜಾರಿಗೆ ಬಂದದ್ದು 1947ರಲ್ಲಿ. ಆಗ ಮದ್ರಾಸಿನಲ್ಲಿದ್ದ ಕೊಳ್ಳೇಗಾಲಕ್ಕೂ ಅದು ಅನ್ವಯವಾಯಿತು. ಕರ್ನಾಟಕ ತನ್ನದೇ ನಿಷೇಧ ಕಾಯ್ದೆ ತಂದದ್ದು 1982ರಲ್ಲಿ.

ಹನ್ನೆರಡು ಹಾಸಿಗೆ

ಕ್ಯಾನ್ಸರ್ ಆಸ್ಪತ್ರೆಯ ಮಾತನ್ನು ಮುತ್ತುಲಕ್ಷ್ಮಿ ಬಹಿರಂಗವಾಗಿ ಎತ್ತಿದ್ದು 1935ರಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನ ಶತಮಾನೋತ್ಸವದ ವೇಳೆ. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕಾಲರಾ, ಸಿಡುಬು, ಮಲೇರಿಯಾದಲ್ಲಿ ಜನ ಸಾಯುತ್ತಿರುವಾಗ ಕ್ಯಾನ್ಸರ್ ಯಾರಿಗೆ ಬೇಕು ಅನ್ನುವ ಲೆಕ್ಕ. 1941ರಲ್ಲಿ ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಬಂತು. ಅಲ್ಲಿ ಹಿಂದೆ ನಿಂತದ್ದು ಒಂದು ದೊಡ್ಡ ಉದ್ಯಮ ಮನೆತನ. ದಕ್ಷಿಣದಲ್ಲಿ ಅಂಥ ದಾತರಿರಲಿಲ್ಲ.

ಸ್ವಾತಂತ್ರ್ಯದ ನಂತರವೂ ಸ್ಥಿತಿ ಬದಲಾಗಲಿಲ್ಲ. ಕ್ಯಾನ್ಸರ್ ಬಂದವರು ಹೇಗೂ ಸಾಯ್ತಾರೆ, ಅದಕ್ಕೊಂದು ಆಸ್ಪತ್ರೆ ಯಾಕೆ ಅನ್ನುವ ಅರ್ಥದಲ್ಲಿ ಮದ್ರಾಸಿನ ಮಂತ್ರಿಯೊಬ್ಬರು ಕೇಳಿದ್ದನ್ನು ಆ ಆಸ್ಪತ್ರೆಯ ಹಿರಿಯರು ಮುಂದೆ ಹಲವು ಸಲ ನೆನೆದಿದ್ದಾರೆ. ಈ ಪ್ರಶ್ನೆಯನ್ನು ಹಳೇ ಕಾಲದ ಮೂರ್ಖತನ ಅಂತ ನಕ್ಕು ಬಿಡಬೇಡಿ. ಇವತ್ತೂ ಎಷ್ಟೋ ಮನೆಗಳಲ್ಲಿ, ಅಮ್ಮನಿಗೋ ಅಜ್ಜಿಗೋ ಕಾಯಿಲೆ ಬಂದಾಗ, ಇದೇ ಪ್ರಶ್ನೆ ಮೆಲುದನಿಯಲ್ಲಿ ಬರುತ್ತೆ. ಇಷ್ಟು ಖರ್ಚು ಮಾಡಿ ಎಷ್ಟು ದಿನ ಬದುಕಿಸ್ತೀವಿ ಅನ್ನೋದೇ ಆ ಪ್ರಶ್ನೆ.

ಸರ್ಕಾರ ಕೊಡದಿದ್ದಾಗ ಮುತ್ತುಲಕ್ಷ್ಮಿ ಜನರ ಹತ್ತಿರ ಹೋದರು. 1949ರಲ್ಲಿ ಮಹಿಳಾ ಭಾರತ ಸಂಘದ ಹೆಸರಿನಲ್ಲಿ ಕ್ಯಾನ್ಸರ್ ಪರಿಹಾರ ನಿಧಿ ಶುರುವಾಯಿತು. ಹೆಂಗಸರು ಮನೆಮನೆ ತಿರುಗಿ ಚಂದಾ ಎತ್ತಿದರು. 1952ರ ಅಕ್ಟೋಬರ್‌ನಲ್ಲಿ ನೆಹರೂ ಅಡ್ಯಾರಿನಲ್ಲಿ ಅಡಿಗಲ್ಲು ಹಾಕಿದರು. 1954ರ ಜೂನ್ 18ರಂದು ಆಸ್ಪತ್ರೆ ಬಾಗಿಲು ತೆರೆಯಿತು. ಹನ್ನೆರಡು ಹಾಸಿಗೆ, ಚಿಕ್ಕ ಕಟ್ಟಡ. ಆಗ ಮುತ್ತುಲಕ್ಷ್ಮಿಗೆ ಅರವತ್ತೇಳು ವರ್ಷ. ತಂಗಿ ಸತ್ತು ಮೂವತ್ತೊಂದು ವರ್ಷ ಕಳೆದಿತ್ತು.

ಮಗ ಡಾ. ಎಸ್. ಕೃಷ್ಣಮೂರ್ತಿ ಅಲ್ಲಿನ ಸರ್ಜನ್. 1955ರಲ್ಲಿ ಡಾ. ವಿ. ಶಾಂತಾ ಬಂದು ಸೇರಿದರು. ಸರ್ಕಾರಿ ಹೆಂಗಸರ ಆಸ್ಪತ್ರೆಯ ಒಳ್ಳೆ ಕೆಲಸ ಕೈಯಲ್ಲಿತ್ತು, ಅದನ್ನು ಬಿಟ್ಟು ಈ ಚಿಕ್ಕ ಕಟ್ಟಡಕ್ಕೆ ಬಂದು, 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಬದುಕಿದರು. 1957ರಲ್ಲಿ ಕೋಬಾಲ್ಟ್ ರೇಡಿಯೇಷನ್ ಯಂತ್ರ ಬಂತು. ಏಷ್ಯಾದಲ್ಲೇ ಮೊದಲನೆಯದು ಅಂತ ಸಂಸ್ಥೆಯ ಚರಿತ್ರೆ ಅದನ್ನು ದಾಖಲಿಸುತ್ತದೆ. ಮೊದಲಿನಿಂದಲೂ ಅಲ್ಲಿನ ನಿಯಮ ಒಂದೇ: ದುಡ್ಡಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಬಾರದು.

ಈ ಆಸ್ಪತ್ರೆ ಬೆಳೆಯುತ್ತಿದ್ದ ಹೊತ್ತಿಗೇ ರಾಜ್ಯಗಳ ಗಡಿ ಬದಲಾಗಿ ಕೊಳ್ಳೇಗಾಲ ಮೈಸೂರಿಗೆ ಬಂತು. ನಾಡು ಒಂದಾಯಿತು, ಅದು ಆಗಬೇಕಾದದ್ದೇ. ಆದರೆ ನಮ್ಮ ರಾಜ್ಯದಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾದದ್ದು 1973ರಲ್ಲಿ. ಅಷ್ಟರಲ್ಲಿ ಮುತ್ತುಲಕ್ಷ್ಮಿ ತೀರಿಕೊಂಡು ಐದು ವರ್ಷವಾಗಿತ್ತು. 1956ರಲ್ಲಿ ಪದ್ಮಭೂಷಣ ಪಡೆದ ಅವರು 1968ರ ಜುಲೈ 22ರಂದು, ಎಂಬತ್ತೆರಡು ತುಂಬಲು ಕೆಲವೇ ದಿನವಿದ್ದಾಗ ಹೋದರು.

ಕತ್ತರಿ ಚಿಕ್ಕದಾಯಿತು, ದಾರಿ ಉದ್ದವೇ ಉಳಿಯಿತು

ಮುತ್ತುಲಕ್ಷ್ಮಿ ಸತ್ತ ನಂತರದ ಇಪ್ಪತ್ತು ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ತಲೆಕೆಳಗಾಯಿತು. ಇಟಲಿಯಲ್ಲಿ ಉಂಬೆರ್ಟೊ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಸಾವಿರಾರು ಹೆಂಗಸರನ್ನು ಸೇರಿಸಿಕೊಂಡು ಪ್ರಯೋಗ ನಡೆಸಿದರು. ಒಂದು ಗುಂಪಿಗೆ ಪೂರ್ತಿ ಸ್ತನ ತೆಗೆಯೋದು, ಇನ್ನೊಂದಕ್ಕೆ ಗಂಟು ಮತ್ತು ಸುತ್ತಲಿನ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಡೋದು. ಇಬ್ಬರೂ ಇಪ್ಪತ್ತು ವರ್ಷದ ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಎರಡೂ ಗುಂಪು ಬದುಕುಳಿದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಚಿಕ್ಕ ಗಂಟಿಗೆ ದೊಡ್ಡ ಆಪರೇಷನ್ ಮಾಡಿಸಿಕೊಂಡ ಮಾತ್ರಕ್ಕೆ ಹೆಚ್ಚು ಕಾಲ ಬದುಕೋದಿಲ್ಲ. ಜೆಫ್ರಿ ಕೇನ್ಸ್ ಹಿಡಿದ ದಾರಿ ಸರಿ ಇತ್ತು.

ಆದರೆ ಇದರೊಳಗೆ ಒಂದು ಷರತ್ತಿದೆ. ಫಿಶರ್ ಅವರ ಪ್ರಯೋಗದಲ್ಲಿ ಗಂಟು ತೆಗೆದು ರೇಡಿಯೇಷನ್ ಕೊಡದೆ ಬಿಟ್ಟವರಲ್ಲಿ ಶೇ 39ರಷ್ಟು ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರುಕಳಿಸಿತು. ರೇಡಿಯೇಷನ್ ಪಡೆದವರಲ್ಲಿ ಇದು ಶೇ 14. ಅಂದರೆ ಸ್ತನ ಉಳಿಸಿಕೊಳ್ಳುವ ಆಯ್ಕೆ ಬೇಕಿದ್ದರೆ ರೇಡಿಯೇಷನ್ ತಪ್ಪಿಸೋ ಹಾಗಿಲ್ಲ. ಅದು ಸಾಮಾನ್ಯವಾಗಿ ಮೂರರಿಂದ ಐದು ವಾರ, ವಾರಕ್ಕೆ ಐದು ದಿನ.

ಈಗ ಧನಗೆರೆಗೆ ಬನ್ನಿ. ರೇಷ್ಮೆ ಹುಳ ಸಾಕುವ, ಕೂಲಿಗೆ ಹೋಗುವ ಹೆಂಗಸು ಅಂದುಕೊಳ್ಳಿ. ಇಲ್ಲಿನವರು ರೇಡಿಯೇಷನ್‌ಗೆ ಹೋಗೋದು ಮೈಸೂರಿಗೋ ಬೆಂಗಳೂರಿಗೋ. ಮೈಸೂರು ಕೊಳ್ಳೇಗಾಲದಿಂದ ಅರವತ್ತು ಕಿಲೋಮೀಟರ್ ಆಸುಪಾಸು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. 2025ರಲ್ಲಿ ರಾಜ್ಯ ಸರ್ಕಾರ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ ಕೇಂದ್ರ ತೆರೆಯಿತು. ಇವೆಲ್ಲ ದೊಡ್ಡ ಹೆಜ್ಜೆಗಳೇ. ಆದರೂ ಐದು ವಾರದ ಕೂಲಿ ಯಾವ ಪ್ಯಾಕೇಜಿನಲ್ಲೂ ಬರೋದಿಲ್ಲ. ಜೊತೆಗೆ ಬರುವ ಗಂಡನ, ಮಗನ ಕೆಲಸವೂ ನಿಲ್ಲುತ್ತೆ. ಅಲ್ಲೇ ಉಳಿಯಲು ಜಾಗ ಬೇಕು. ಮನೆಯಲ್ಲಿ ಹುಳಕ್ಕೆ ಸೊಪ್ಪು ಹಾಕೋರು ಯಾರು?

ಈ ಲೆಕ್ಕ ಹಾಕಿದ ಮೇಲೆ ಎಷ್ಟೋ ಹೆಂಗಸರು ಪೂರ್ತಿ ತೆಗೆದುಬಿಡಿ ಸಾರ್ ಅಂತಾರೆ. ಕಾಗದದಲ್ಲಿ ಅದು ರೋಗಿಯ ಆಯ್ಕೆ. ನಿಜದಲ್ಲಿ ಆಯ್ದದ್ದು ದೂರ. ಮನಸಾರೆ ಪೂರ್ತಿ ತೆಗೆಸಿಕೊಳ್ಳೋದು ತಪ್ಪಲ್ಲ. ಗಂಟು ದೊಡ್ಡದಿದ್ದರೆ, ಒಂದಕ್ಕಿಂತ ಹೆಚ್ಚು ಕಡೆ ಇದ್ದರೆ ಅದೇ ಸರಿಯಾದ ಚಿಕಿತ್ಸೆ ಆಗಿರಬಹುದು. ಪೂರ್ತಿ ತೆಗೆಸಿದರೂ ರೋಗ ಮುಂದುವರಿದಿದ್ದರೆ ರೇಡಿಯೇಷನ್ ಬೇಕಾಗುತ್ತೆ. ಈಗಿನ ಆಪರೇಷನ್ನಿನಲ್ಲಿ ಎದೆಯ ಸ್ನಾಯು ಉಳಿಸುತ್ತಾರೆ, ಹಾಲ್‌ಸ್ಟೆಡ್ ಕಾಲದ ಕ್ರಮ ಹೋಗಿದೆ. ಮೊದಲು ಕಿಮೋ ಕೊಟ್ಟು ಗಂಟು ಕರಗಿಸಿ, ಆಮೇಲೆ ಆಪರೇಷನ್ ಮಾಡುವ ದಾರಿಯೂ ಇದೆ. ನಮ್ಮಲ್ಲಿ ತಡವಾಗಿ ಬರುವವರೇ ಹೆಚ್ಚಾದ್ದರಿಂದ ಅಡ್ಯಾರಿನ ವೈದ್ಯರು ಈ ದಾರಿಯಲ್ಲಿ ತುಂಬ ಕೆಲಸ ಮಾಡಿದ್ದಾರೆ. ಬಯಾಪ್ಸಿಯ ತುಣುಕನ್ನು ಹಾರ್ಮೋನ್ ಮತ್ತು ಹರ್-2 ಪರೀಕ್ಷೆಗೆ ಕಳಿಸಿದರೆ ಯಾವ ಔಷಧಿ ಕೆಲಸ ಮಾಡುತ್ತೆ ಅನ್ನೋದೂ ಗೊತ್ತಾಗುತ್ತೆ. ಹಾರ್ಮೋನ್‌ಗೆ ಸ್ಪಂದಿಸುವ ಕ್ಯಾನ್ಸರ್ ಆದರೆ ಕಡಿಮೆ ಬೆಲೆಯ ಟ್ಯಾಮಾಕ್ಸಿಫೆನ್ ಮಾತ್ರೆಯೇ ವರ್ಷಗಟ್ಟಲೆ ಕಾಯುತ್ತೆ. ಹರ್-2 ಇದ್ದವರ ಔಷಧಿ ದುಬಾರಿ. ಅಲ್ಲಿ ಮತ್ತೆ ದುಡ್ಡು ಮಾತಾಡುತ್ತೆ.

ಇವನ್ನೆಲ್ಲ ಆಕೆಗೆ ಕನ್ನಡದಲ್ಲಿ, ಆಕೆಗೇ, ಕೂರಿಸಿಕೊಂಡು ಹೇಳಬೇಕು. ಹೊರಗೆ ನಿಂತ ಗಂಡನಿಗೋ ಮೈದುನನಿಗೋ ಹೇಳಿ, ಒಳಗೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಅಲ್ಲ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯ ಗರ್ಭಕೋಶವನ್ನು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣ ಅದು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆ ಆಗೋದಿಲ್ಲ, ಜೀವಾಪಾಯ ಇಲ್ಲದಿದ್ದಾಗ ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕಳ ಪರವಾಗಿ ಬೇರೆಯವರು ಒಪ್ಪಿಗೆ ಕೊಡೋ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಎಷ್ಟು ಮನೆಗಳಿಗೆ, ಎಷ್ಟು ವಾರ್ಡುಗಳಿಗೆ ಈ ತೀರ್ಪು ತಲುಪಿದೆ?

ನಾವು ಏನು ಕೇಳಬೇಕು

ತಮಿಳುನಾಡಿನಲ್ಲಿ ಹೆರಿಗೆ ನೆರವಿನ ಯೋಜನೆಗೆ ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿದೆ. ಒಂದು ಕಾಲಕ್ಕೆ ಅವರ ಸದನದ ವ್ಯಾಪ್ತಿಯಲ್ಲೇ ಇದ್ದ ನಮ್ಮ ಗಡಿ ತಾಲ್ಲೂಕಿನಲ್ಲಿ ಆಕೆಯ ಗುರುತು ಕಾಣೋದಿಲ್ಲ. ಗುರುತು ಬೇಕಿರೋದು ಪ್ರತಿಮೆಗಾಗಿ ಅಲ್ಲ. ಆಕೆ ಎತ್ತಿದ ಬೇಡಿಕೆ ಇನ್ನೂ ಬಾಕಿ ಇದೆ, ಅದಕ್ಕಾಗಿ.

ಚುನಾವಣೆ ಬಂದಾಗ ನಾವು ರಸ್ತೆ ಕೇಳ್ತೀವಿ, ನೀರು ಕೇಳ್ತೀವಿ. ಜಿಲ್ಲೆಗೊಂದು ರೇಡಿಯೇಷನ್ ಯಂತ್ರ, ಅದನ್ನು ನಡೆಸೋ ಸಿಬ್ಬಂದಿ, ಚಿಕಿತ್ಸೆಯ ವಾರಗಳಲ್ಲಿ ಕೂಲಿ ನಷ್ಟಕ್ಕೆ ಪರಿಹಾರ, ಉಳಿದುಕೊಳ್ಳಲು ಧರ್ಮಶಾಲೆ, ಆಪರೇಷನ್ ಮುಂಚೆ ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ಆಪ್ತ ಸಮಾಲೋಚಕಿ, ಇವನ್ನು ಯಾವ ಪಕ್ಷದ ಪ್ರಣಾಳಿಕೆಯಲ್ಲಿ ಹುಡುಕಿದ್ದೀವಿ? ಆಶಾ ಕಾರ್ಯಕರ್ತೆ ಮೂವತ್ತು ದಾಟಿದ ಹೆಂಗಸರನ್ನು ತಪಾಸಣೆಗೆ ಕರೆದಾಗ ಅವರನ್ನು ಕಳಿಸೋ ಜವಾಬ್ದಾರಿ ಮನೆಯವರದ್ದು. ತಪಾಸಣೆಯಲ್ಲಿ ಗಂಟು ಸಿಕ್ಕ ಮೇಲೆ ದಾರಿ ತೋರಿಸೋ ಜವಾಬ್ದಾರಿ ಸರ್ಕಾರದ್ದು.

ಮುತ್ತುಲಕ್ಷ್ಮಿ ತನ್ನ ಮದುವೆಗೆ ಹಾಕಿದ ಷರತ್ತನ್ನು ಇನ್ನೊಮ್ಮೆ ನೆನೆಯಿರಿ: ಸಮಾನಳಾಗಿ ಕಾಣಬೇಕು, ಇಚ್ಛೆಗೆ ಅಡ್ಡ ಬರಬಾರದು. ಬಯಾಪ್ಸಿ ರಿಪೋರ್ಟ್ ಹಿಡಿದು ಕೂತ ಹೆಣ್ಣು ಮನೆಯವರಿಗೆ, ಡಾಕ್ಟರಿಗೆ, ಸರ್ಕಾರಕ್ಕೆ ಹಾಕಬಹುದಾದ ಷರತ್ತೂ ಅದೇ. ಅದನ್ನು ಹಾಕಲು ಆಕೆ ಶಾಸಕಿಯೋ ಡಾಕ್ಟರೋ ಆಗಿರಬೇಕಾದ ಅಗತ್ಯ ಇರಬಾರದು.